ನಡೆದು ಸವಿಯುವ ಬಡಾವಣೆ

ಗಾಂಧಿ ಬಜಾರಿನಲ್ಲಿ ಯಾರೂ ಮೂಗಿನ ನೇರಕ್ಕೆ ನಡೆಯುವುದಿಲ್ಲ. ಸಂಜೆ ಆರರ ಸುಮಾರಿಗೆ ಅಲ್ಲಿ ಒಂದು ಮೂಲೆ ಹಿಡಿದು ನಿಂತರೆ ಇದು ಗೊತ್ತಾಗುತ್ತದೆ. ಮಲ್ಲಿಗೆ ಬುಟ್ಟಿಯ ಕಡೆಗೆ ಒಬ್ಬರು ವಾಲುತ್ತಾರೆ, ಬಾಳೆಎಲೆ ಕಟ್ಟಿನ ಮುಂದೆ ಇನ್ನೊಬ್ಬರು ಬಗ್ಗುತ್ತಾರೆ. ಗ್ರಂಥಿಗೆ ಅಂಗಡಿಯಿಂದ ಇಳಿದು ಬಂದ ಅಜ್ಜಿ ಎದುರಾದವರನ್ನು ತಡೆದು ಮಗಳ ಬಾಣಂತನದ ಸುದ್ದಿ ಹೇಳುತ್ತಾರೆ. ಹೂವಿನಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಅಳೆದು, ಕೊನೆಗೆ ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾಳೆ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಮತ್ತೆ ಆರು ಹೆಜ್ಜೆ, ಇನ್ನೊಂದು ನಿಲುಗಡೆ. ಇಡೀ ರಸ್ತೆಯೇ ವಿಳಂಬ ಕಾಲದಲ್ಲಿ ಸಾಗುತ್ತದೆ.

ಈ ನಿಧಾನಕ್ಕೂ ಒಂದು ಲೆಕ್ಕವಿದೆ. ನಗರಗಳನ್ನು ಕಾಲುನಡಿಗೆಯವರ ಕಣ್ಣಿನಿಂದ ನೋಡಲು ಒಂದು ತಲೆಮಾರಿಗೇ ಕಲಿಸಿದ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಅದನ್ನು ಸೊಗಸಾಗಿ ಬಿಡಿಸಿದ್ದಾರೆ. ಮನುಷ್ಯ ಗಂಟೆಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ನಡೆಯುತ್ತಾನೆ. 100 ಮೀಟರ್ ಉದ್ದದ ಬೀದಿಯಲ್ಲಿ 15-20 ಬಾಗಿಲುಗಳಿದ್ದರೆ ನಾಲ್ಕೈದು ಸೆಕೆಂಡಿಗೊಮ್ಮೆ ಕಣ್ಣಿಗೆ ಹೊಸತೊಂದು ಸಿಗುತ್ತದೆ, ನಡಿಗೆ ಬೇಸರವಾಗುವುದಿಲ್ಲ. ಅದೇ 100 ಮೀಟರ್ ಉದ್ದಕ್ಕೂ ಒಂದೇ ಕಾಂಪೌಂಡ್ ಗೋಡೆ ಇದ್ದರೆ ಕಾಲು ಸೋಲುವ ಮೊದಲೇ ಮನಸ್ಸು ಸೋಲುತ್ತದೆ. ಗಾಂಧಿ ಬಜಾರಿನ ಅಂಗಡಿಗಳ ಮುಖ ಕಿರಿದು, ಬಾಗಿಲು ಹಲವು. ಅಂಗಡಿಗಳ ಮುಂದೆ ಬುಟ್ಟಿಯವರ ಇನ್ನೊಂದು ಸಾಲು. ವಿದ್ಯಾರ್ಥಿ ಭವನದ ಮುಂದೆ ಕಾಯುವವರ ಗುಂಪು, ಸುಬ್ಬಮ್ಮನ ಅಂಗಡಿಯ ಹಪ್ಪಳ ಸಂಡಿಗೆ, ಅಂಕಿತ ಪುಸ್ತಕದಲ್ಲಿ ಹೊಸದಾಗಿ ಬಂದ ಕಥಾಸಂಕಲನ, ಎಲ್ಲವೂ ಕೆಲವೇ ನಿಮಿಷಗಳ ಆಸುಪಾಸಿನಲ್ಲಿ. ಗೆಲ್ ಅವರ ಸೂತ್ರವನ್ನು ಯಾರೂ ಓದುವ ಮೊದಲೇ ಈ ಬೀದಿ ಅದನ್ನು ಬಾಳಿ ತೋರಿಸಿತ್ತು. ಕೆ.ಎಸ್. ನಿಸಾರ್ ಅಹಮದ್ 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟರಲ್ಲ, ಒಂದು ಪೇಟೆಬೀದಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆಲ್ಲಾದರೂ ಸಂದಿದೆಯೇ, ನಾನರಿಯೆ.

ಈ ಬಜಾರು ಇರುವ ಬಸವನಗುಡಿ ತಾನಾಗಿ ಬೆಳೆದ ಊರಲ್ಲ, ಎಳೆದ ನಕ್ಷೆಯ ಮೇಲೆ ಎದ್ದದ್ದು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಹೆಣ ಹೊರುವವರಿಗೂ ಬಿಡುವಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ ಮೈಸೂರು ಸರ್ಕಾರ ಪೇಟೆಯಿಂದ ದಕ್ಷಿಣಕ್ಕೆ ಬಸವನಗುಡಿಯನ್ನೂ ವಾಯವ್ಯಕ್ಕೆ ಮಲ್ಲೇಶ್ವರವನ್ನೂ ಕಟ್ಟಿ ಜನರನ್ನು ಹೊರಗೆ ಕರೆತಂದಿತು. ಅಗಲ ರಸ್ತೆ, ಅದನ್ನು ಚೌಕವಾಗಿ ಕತ್ತರಿಸುವ ಅಡ್ಡರಸ್ತೆ, ಮನೆಯ ಸುತ್ತ ಗಾಳಿಗೆ ಜಾಗ, ಮನೆಯ ಹಿಂದೊಂದು ಸಣ್ಣ ಗಲ್ಲಿ. ರೋಗಕ್ಕೆ ಹೆದರಿ ಎಳೆದ ಗೆರೆಗಳು ಅವು. ಮೋಟಾರು ಇನ್ನೂ ಇಲ್ಲಿಯ ಬೀದಿಗಳನ್ನು ಆಳದ ಕಾಲದಲ್ಲಿ ಎಳೆದವಾದ್ದರಿಂದ ಅವುಗಳ ಅಳತೆಗೋಲು ಮನುಷ್ಯನ ಹೆಜ್ಜೆಯಾಯಿತು. ಅಡ್ಡರಸ್ತೆ ಹತ್ತಿರ ಹತ್ತಿರ ಬರುತ್ತವೆ. ಒಂದು ಮೂಲೆ ತಪ್ಪಿದರೆ ಇನ್ನೊಂದರಲ್ಲಿ ತಿರುಗಬಹುದು. ದೇವಸ್ಥಾನಕ್ಕೆ ಒಂದು ದಾರಿ, ಬರುವಾಗ ತರಕಾರಿಯ ನೆಪದಲ್ಲಿ ಬೇರೆ ದಾರಿ. ಅಮೆರಿಕದ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಜೀವಂತ ಬೀದಿಗೆ ಹೇಳಿದ ನಾಲ್ಕು ಷರತ್ತುಗಳಲ್ಲಿ ಒಂದು ಇದೇ, ಬೇಗಬೇಗ ತಿರುವು ಸಿಗಬೇಕು ಎನ್ನುವುದು. ಉಳಿದವು: ಮನೆ, ಅಂಗಡಿ, ಕಚೇರಿಗಳು ಬೆರೆತಿರಬೇಕು, ಹಳೆಯ ಕಟ್ಟಡಗಳೂ ಉಳಿದಿರಬೇಕು, ಸಾಕಷ್ಟು ಜನ ಇರಬೇಕು. ನಾಲ್ಕನ್ನೂ ಬೆರಳು ಮಡಚಿ ಎಣಿಸುತ್ತಾ ಡಿ.ವಿ.ಜಿ. ರಸ್ತೆಯಲ್ಲಿ ನಡೆಯಬಹುದು.

ಮನೆಯ ಹಿಂದಿನ ಆ ಗಲ್ಲಿಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಕನ್ಸರ್ವೆನ್ಸಿ ಲೇನ್ ಎಂದು ಈಗಲೂ ಕರೆಯುವ ಇವನ್ನು ಬಿಟ್ಟದ್ದು ಮಲ ಹೊರುವವರು ಮನೆಯ ಮುಂಬಾಗಿಲಿಗೆ ಬಾರದಂತೆ ಹಿಂದಿನಿಂದಲೇ ಬಂದು ಹೋಗಲಿ ಎಂದು. ಬಡಾವಣೆಯ ನಿವೇಶನಗಳನ್ನು ಹಂಚಿದ್ದೂ ಜಾತಿವಾರಾಗಿಯೇ. ನಾವು ಮೆಚ್ಚಿ ನಡೆಯುವ ಚೌಕಗಳಲ್ಲಿ ಈ ನೋವೂ ಅಳತೆ ಹಾಕಿ ಕೂಡಿಸಿದ ಹಾಗಿದೆ; ಅದನ್ನು ಮರೆತು ಇಲ್ಲಿಯ ಚೆಲುವನ್ನು ಹೊಗಳುವುದು ಅರ್ಧ ನೋಟ. ಒಳಚರಂಡಿ ಬಂದ ಮೇಲೆ ಗಲ್ಲಿಗಳು ಕಸದ ತಾಣವಾದವು, ಕೆಲವನ್ನು ಆಚೀಚೆಯವರು ನುಂಗಿಯೂ ಬಿಟ್ಟರು. ಮಲ್ಲೇಶ್ವರದಲ್ಲಿ ಉಳಿದ ಕೆಲವನ್ನು ನಿವಾಸಿಗಳೂ ಕಲಾವಿದರೂ ಸೇರಿ ಗುಡಿಸಿ, ಗೋಡೆಗಳ ಮೇಲೆ ಚಿತ್ರ ಬರೆದು ನಡೆಯುವ ದಾರಿಯಾಗಿ ಮಾಡಿಕೊಂಡಿದ್ದಾರೆ. ಒಬ್ಬರನ್ನು ಕಣ್ಣಿಗೆ ಬೀಳದಂತೆ ಮಾಡಲು ಹುಟ್ಟಿದ ಗಲ್ಲಿಯಲ್ಲಿ ಇಂದು ಶಾಲೆಯ ಮಕ್ಕಳು ಗೋಡೆಯ ಚಿತ್ರ ನೋಡುತ್ತಾ ನಡೆಯುತ್ತಾರೆ. ವಾಹನದ ಭಯವಿಲ್ಲದ ಆ ಹತ್ತಡಿ ಅಗಲ, ಎರಡೂ ಕಡೆ ಹಿತ್ತಿಲ ನುಗ್ಗೆ, ಕರಿಬೇವು, ಒಣಹಾಕಿದ ಸೀರೆ. ಮುಂಬಾಗಿಲಿನ ಊರಿಗೆ ಇಂಥದೊಂದು ಹಿಂಬಾಗಿಲಿನ ಊರು ಇರುವುದು ಎಷ್ಟು ದೊಡ್ಡ ಸಂಪತ್ತು ಎಂದು ಅಲ್ಲಿ ನಡೆದವರಿಗಷ್ಟೇ ತಿಳಿದೀತು.

ಇನ್ನು ಮರಗಳು. ಇವುಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಮತ್ತು ಊಟಿಯ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು. ಲಾಲ್‌ಬಾಗಿನ ಹೊಣೆ ಹೊತ್ತು 1932ರವರೆಗೆ ದುಡಿದು, 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಲಾಲ್‌ಬಾಗಿನ ಮಗ್ಗುಲ ರಸ್ತೆಗೆ ಅವರ ಹೆಸರಿದೆ. ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೊಂದು ಬೀದಿ ಹೂ ಬಿಟ್ಟಿರಲೇಬೇಕು, ಅದು ಅವರ ಕನಸು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದರು. ಅವರ ನಂತರ ಬಂದವರು, ಅದರಲ್ಲೂ 1980ರ ದಶಕದಲ್ಲಿ ಊರಿನ ತುಂಬ ಸುಮಾರು 15 ಲಕ್ಷ ಸಸಿ ನೆಡಿಸಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ, ಆ ಸರಣಿಯನ್ನು ಮುಂದುವರಿಸಿದರು. ಫೆಬ್ರವರಿ ಮಾರ್ಚಿನಲ್ಲಿ ಎಲೆಯೇ ಇಲ್ಲದ ಟಬೂಬಿಯಾ ಹಳದಿ ಉರಿಯುತ್ತದೆ. ಅದರ ಬೆನ್ನಿಗೆ ಜಕರಂಡದ ನೀಲಿ, ಆಮೇಲೆ ಹೊಂಗೆಯ ತಿಳಿ ನೇರಳೆ ಪುಡಿ ಹೂ ಕಾಲಡಿಗೆ ಹಾಸುತ್ತದೆ. ಏಪ್ರಿಲ್‌ ಕಳೆಯುವುದರೊಳಗೆ ಕಕ್ಕೆ ಗೊಂಚಲು ಇಳಿಬಿಡುತ್ತದೆ, ಮೇ ತಿಂಗಳಿಗೆ ಗುಲ್‌ಮೊಹರು. ಮಳೆಗಾಲ ಮುಗಿದು ಚಳಿ ಶುರುವಾಗುವಾಗ ಆಕಾಶಮಲ್ಲಿಗೆ ರಾತ್ರಿಯೆಲ್ಲ ಉದುರಿ, ಬೆಳಗಿನ ವಾಕಿಂಗಿನವರ ಚಪ್ಪಲಿಯ ಕೆಳಗೆ ಪರಿಮಳ ಬಿಡುತ್ತದೆ. ಕಾರಿನಲ್ಲಿ ಹೋಗುವವರಿಗೆ ಇವು ಬಣ್ಣಗಳು ಮಾತ್ರ. ನಡೆಯುವವರಿಗೆ ವಾಸನೆ, ಸಪ್ಪಳ, ಕಾಲಡಿಯ ಮೆತ್ತೆ ಎಲ್ಲವೂ ಹೌದು.

ಮಳೆಮರವಂತೂ ನಡೆಯುವವರಿಗಾಗಿಯೇ ಹುಟ್ಟಿದ ಹಾಗಿದೆ. ಒಂದು ಬದಿಯ ಕಾಂಡದಿಂದ ರೆಂಬೆ ಚಾಚಿ ರಸ್ತೆಯ ಆಚೆ ಬದಿಯವರೆಗೆ ನೆರಳು ಮುಟ್ಟಿಸುತ್ತದೆ. ಸಂಜೆಯಾದರೆ, ಮೋಡ ಕವಿದರೆ ಎಲೆ ಮಡಚುತ್ತದೆ. ನೆತ್ತಿಯ ಮೇಲೆ ಬಿಸಿಲು ಸುಡುವ ಹೊತ್ತಿಗೆ ಛಾವಣಿ, ತಂಪಾದ ಹೊತ್ತಿಗೆ ಆಕಾಶ. ಬೀದಿಮರಗಳ ಬೆಲೆಯನ್ನು ಥರ್ಮಾಮೀಟರ್ ಹಿಡಿದು ಅಳೆದವರೂ ಇದ್ದಾರೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನದ ಪ್ರಕಾರ, ಮರವಿರುವ ರಸ್ತೆಯ ಗಾಳಿ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿರುತ್ತದೆ; ಡಾಂಬರಿನ ಮೈಯಂತೂ 27.5 ಡಿಗ್ರಿಯವರೆಗೆ ಕಡಿಮೆ ಕಾಯುತ್ತದೆ. ಸಾಲುಮರ ನೆಡಿಸುವುದನ್ನು ಪುಣ್ಯದ ಕೆಲಸವೆಂದು ಶಾಸನ ಹಾಕಿಸಿದವರಿಗೆ ಈ ಅಂಕಿ ತಿಳಿದಿರಲಿಲ್ಲ, ಅಂಗಾಲಿಗೆ ತಿಳಿದಿತ್ತು.

ಅಂಗಾಲು ಎಂದಾಗ ಕಾಲುದಾರಿಯ ಮಾತು ಬರುತ್ತದೆ. ಫುಟ್‌ಪಾತಿನ ಸೌಂದರ್ಯ ಕಣ್ಣಿಗೆ ಕಾಣುವಂಥದ್ದಲ್ಲ. ನಡೆದು ಮುಗಿಸಿದಾಗ ‘ಕೆಳಗೆ ನೋಡಲೇ ಇಲ್ಲವಲ್ಲ’ ಎನಿಸಿದರೆ ಅದು ಒಳ್ಳೆಯ ಫುಟ್‌ಪಾತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಕೇಳುತ್ತದೆ. ಎದುರುಬದುರು ಬರುವ ಎರಡು ಗಾಲಿಕುರ್ಚಿಗಳು ಸರಾಗವಾಗಿ ಹಾಯಬೇಕು, ಅಷ್ಟೇ. ಕಟ್ಟೆಯ ಎತ್ತರ 150 ಮಿಲಿಮೀಟರ್ ಮೀರಬಾರದು. ಮಂಡಿನೋವಿನ ಅಜ್ಜನಿಗೆ 150ಕ್ಕೂ 300ಕ್ಕೂ ಇರುವ ವ್ಯತ್ಯಾಸವೆಂದರೆ ಸಂಜೆ ಹೊರಗೆ ಹೋಗುವುದಕ್ಕೂ ಮನೆಯಲ್ಲೇ ಕೂರುವುದಕ್ಕೂ ಇರುವ ವ್ಯತ್ಯಾಸ. ನಮ್ಮ ಬಹುಪಾಲು ರಸ್ತೆಗಳಲ್ಲಿ ಅಂಗಡಿಗೊಂದು ಎತ್ತರ, ಗೇಟಿಗೊಂದು ಇಳಿಜಾರು, ನಡುವೆ ಟ್ರಾನ್ಸ್‌ಫಾರ್ಮರ್. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಇದಕ್ಕೊಂದು ಉತ್ತರ ಹುಡುಕಿದರು. ನೀರಿನ ಕೊಳವೆ, ಕೇಬಲ್ಲು, ಮಳೆನೀರಿನ ಚರಂಡಿಗಳಿಗೆ ನೆಲದಡಿ ಪ್ರತ್ಯೇಕ ಜಾಗ ಕೊಟ್ಟು, ರಸ್ತೆಯನ್ನು ಮತ್ತೆ ಮತ್ತೆ ಅಗೆಯುವ ಕಾರಣವನ್ನೇ ತೆಗೆದು, ಅದರ ಮೇಲೆ ಸಮತಟ್ಟಾದ ಅಗಲ ಕಾಲುದಾರಿ ಹಾಸಿದರು. ವಿಠ್ಠಲ್ ಮಲ್ಯ ರಸ್ತೆಯಲ್ಲಿ ಮಳೆ ನಿಂತ ಮೇಲೆ ನಡೆದು ನೋಡಿ. ಅಂಥ ಹತ್ತು ನಿಮಿಷ ಈ ಊರಿನಲ್ಲಿ ಇನ್ನೂ ಅಪರೂಪ.

ಗಾಂಧಿ ಬಜಾರಿನಲ್ಲೂ ಈಚೆಗೆ ಕಾಲುದಾರಿ ಅಗಲವಾಯಿತು. ಕೆಲಸ ನಡೆದಷ್ಟು ಕಾಲವೂ ಜಗಳವಿತ್ತು. ಗಿರಾಕಿಗಳ ಕಾರಿಗೆ ಜಾಗವಿಲ್ಲದಿದ್ದರೆ ವ್ಯಾಪಾರ ಎಲ್ಲಿಯದು ಎಂದು ಅಂಗಡಿಯವರು ಕೇಳಿದರು, ತಮ್ಮ ಬುಟ್ಟಿಯ ಜಾಗ ಏನಾಗುತ್ತದೋ ಎಂದು ಹೂವಿನವರು ಹೆದರಿದರು. ಎರಡೂ ಭಯಕ್ಕೆ ಕಾರಣವಿತ್ತು. ಇಂಥ ಬದಲಾವಣೆ ಮಾಡುವವರು ಮೊದಲು ಕೇಳಿಸಿಕೊಳ್ಳಬೇಕಾದ್ದು ಇವನ್ನೇ. ಬುಟ್ಟಿಯವರಿಲ್ಲದ ಅಗಲ ಫುಟ್‌ಪಾತು ನನಗಂತೂ ಬೇಡ. ಗಾಂಧಿ ಬಜಾರನ್ನು ಬಜಾರು ಮಾಡಿದವರೇ ಅವರು. ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಯನ್ನು 1962ರಲ್ಲಿ ಕಾರುಗಳಿಗೆ ಮುಚ್ಚಿದಾಗ ಅಲ್ಲಿಯ ಅಂಗಡಿಯವರೂ ವ್ಯಾಪಾರ ಕೆಡುತ್ತದೆಂದೇ ವಾದಿಸಿದ್ದರು. ಇಂದು ಅದು ಯುರೋಪಿನ ಹೆಸರಾಂತ ಪೇಟೆಬೀದಿ.

ಬಸವನಗುಡಿಯ ಇನ್ನೊಂದು ರುಚಿ ಎಂದರೆ ಇಲ್ಲಿ ದೊಡ್ಡವರು ನೆರೆಯವರಾಗಿದ್ದರು ಎನ್ನುವುದು. ಗವಿಪುರದಲ್ಲಿ ಮಾಸ್ತಿಯವರ ಮನೆ. ಡಿ.ವಿ.ಜಿ. 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿ. ಅದೇ ವರ್ಷ ಶುರುವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಬಿ.ಪಿ. ವಾಡಿಯಾ ರಸ್ತೆಯಲ್ಲಿ. ಎಚ್. ನರಸಿಂಹಯ್ಯನವರ ನ್ಯಾಷನಲ್ ಕಾಲೇಜು ಒಂದು ಕಡೆ, ಲಂಕೇಶರ ಪತ್ರಿಕೆಯ ಕಚೇರಿ ಇನ್ನೊಂದು ಕಡೆ. ಒಂದು ಭಾಷಣ ಮುಗಿಸಿ, ಒಂದು ಕಾಫಿ ಕುಡಿದು, ಇನ್ನೊಂದು ಚರ್ಚೆಗೆ ನಡೆದೇ ಹೋಗಬಹುದಾದ ಅಂತರಗಳು. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಮಾದರಿ ನೆರೆಹೊರೆಗೆ ಕಾಲು ಮೈಲಿಯ ತ್ರಿಜ್ಯ ಗೊತ್ತುಮಾಡಿದ. ಸುಮಾರು 400 ಮೀಟರ್, ಐದು ನಿಮಿಷದ ನಡಿಗೆ. ಆ ಐದು ನಿಮಿಷದೊಳಗೆ ಶಾಲೆ, ಉದ್ಯಾನ, ಅಂಗಡಿ ಇರಬೇಕೆಂದ. ವಿಚಾರಗಳಿಗೂ ಅಂಥದೊಂದು ತ್ರಿಜ್ಯ ಇರಬಹುದು. ವಾದದಲ್ಲಿ ಸೋತವನು ಮರುದಿನ ಸಂಜೆ ಗೆದ್ದವನಿಗೆ ಅದೇ ಮೂಲೆಯಲ್ಲಿ ಎದುರಾಗುವ ಊರಿನಲ್ಲಿ ಮಾತು ಕಹಿಯಾಗಿ ಉಳಿಯುವುದು ಕಷ್ಟ.

ಇಷ್ಟೆಲ್ಲ ಸವಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಬಡಾವಣೆ ಎಲ್ಲಿ ಮುಗಿಯುತ್ತದೆ? ಬೆಂಗಳೂರಿಗೆ ಪ್ಲೇಗು ಬಂದ 1898ರಲ್ಲೇ ಲಂಡನ್ನಿನಲ್ಲಿ ಎಬನೇಜರ್ ಹೊವರ್ಡ್ ಎಂಬ ಶೀಘ್ರಲಿಪಿಕಾರನ ಪುಸ್ತಕವೊಂದು ಹೊರಬಂತು. ಅವನು ಕಂಡ ಊರಿಗೆ 6,000 ಎಕರೆ. ಅದರಲ್ಲಿ ಮನೆ, ಅಂಗಡಿ, ಕಾರ್ಖಾನೆಗಳಿಗೆ 1,000 ಎಕರೆ ಮಾತ್ರ. ಉಳಿದ 5,000 ಎಕರೆ ಊರಿನ ಸುತ್ತ ಹೊಲ, ತೋಟ, ಹುಲ್ಲುಗಾವಲು. 32,000 ಜನ ತುಂಬಿದರೆ ಊರನ್ನು ಹಿಗ್ಗಿಸುವಂತಿಲ್ಲ. ಹೊಲಗಳ ಆಚೆ ಇನ್ನೊಂದು ಊರು ಕಟ್ಟಿ ರೈಲಿನಿಂದ ಜೋಡಿಸಬೇಕು. ಹೊಲ ಕಾಣುವಷ್ಟು ದೂರ ನಡೆದು ಹೋಗಲು ಪ್ರತಿಯೊಬ್ಬನಿಗೂ ಸಾಧ್ಯವಾಗಬೇಕು ಎಂಬುದು ಆ ಲೆಕ್ಕದ ತಿರುಳು. ನಮ್ಮವರು ಬಡಾವಣೆಯನ್ನು ಚೆನ್ನಾಗಿ ಕಟ್ಟಿದರು, ಸುತ್ತಲಿನ ಹೊಲವನ್ನು ಹಿಡಿದುಕೊಳ್ಳಲಿಲ್ಲ. 1980ರ ದಶಕದ ನಕ್ಷೆಯಲ್ಲಿ ಬೆಂಗಳೂರಿನ ಸುತ್ತ ಹಸಿರುಪಟ್ಟಿ ಬರೆದರು. ನಕ್ಷೆ ತಿದ್ದಿದಾಗೆಲ್ಲ ಅದು ಸವೆಯಿತು.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಇನ್ನೂ ಮುಂದೆ ಹೋಗಿ ಯೋಚಿಸಿದವರು. ಒಂದು ಊರನ್ನು ಅರಿಯಬೇಕಾದರೆ ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ ಅದರ ನದಿಯ ಇಡೀ ಕಣಿವೆಯನ್ನು ಅರಿಯಬೇಕೆಂದರು. ಅವರು 1914ರಲ್ಲಿ ಭಾರತಕ್ಕೆ ಬಂದರು. ಓಣಿ ಕೆಡವಿ ಅಗಲ ರಸ್ತೆ ಬಗೆಯುವುದನ್ನು ವಿರೋಧಿಸಿ, ಕಾಲುನಡಿಗೆಯಲ್ಲೇ ಊರೂರು ಸುತ್ತಿ, ಯಾವ ಬಾವಿ ಉಳಿಸಬೇಕು, ಯಾವ ಪಾಳುಮನೆ ತೆಗೆದರೆ ಓಣಿಗೆ ಉಸಿರು ಬರುತ್ತದೆ ಎಂದು ಗುರುತು ಹಾಕಿದರು. ಇಂದೋರಿನಲ್ಲಿ ಅವರು ಮಾಡಿದ್ದು ನನಗೆ ತುಂಬ ಇಷ್ಟ. ಅಲ್ಲೂ ಪ್ಲೇಗು. ದೀಪಾವಳಿಯ ಮೆರವಣಿಗೆ ಯಾವ ಬೀದಿಗಳ ಜನ ತಮ್ಮ ಮನೆಗಳನ್ನು ಹೆಚ್ಚು ಗುಡಿಸಿ ಸಾರಿಸಿ ರಿಪೇರಿ ಮಾಡುತ್ತಾರೋ ಆ ಬೀದಿಗಳಲ್ಲೇ ಹೋಗುತ್ತದೆ ಎಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಪ್ಲೇಗಿನ ದೊಡ್ಡ ಇಲಿಯ ಬೊಂಬೆಯೂ ಸಾಗಿತು. ಊರು ಕಟ್ಟುವ ಕೆಲಸವನ್ನು ಹಬ್ಬದ ದಾರಿಗೆ ತಂದು ನಿಲ್ಲಿಸಿದ ಆ ಜಾಣ್ಮೆಗೆ ಸಮನಾದುದನ್ನು ಮತ್ತೆ ಯಾವ ಯೋಜಕರಲ್ಲೂ ನಾನು ಕಂಡಿಲ್ಲ.

ಗೆಡ್ಡಿಸ್ ಅವರ ಕಣ್ಣಿಂದ ನೋಡಿದರೆ ಬಸವನಗುಡಿಯೂ ಒಂದು ಕಣಿವೆಯ ನೆತ್ತಿ. ದೊಡ್ಡ ಬಸವನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂಬುದು ಇಲ್ಲಿಯವರ ನಂಬಿಕೆ. ಮಲ್ಲೇಶ್ವರದವರು ತಮ್ಮ ಕಾಡುಮಲ್ಲೇಶ್ವರನ ಎದುರಿನ ನಂದಿತೀರ್ಥದಿಂದ ಅವಳನ್ನು ಹೊರಡಿಸುತ್ತಾರೆ. ಪ್ಲೇಗಿನಿಂದ ಹುಟ್ಟಿದ ಎರಡು ಬಡಾವಣೆಗಳಿಗೂ ಹೀಗೆ ಒಂದೇ ಹೊಳೆ. ಅದು ಮೈಸೂರು ರಸ್ತೆಯ ಜೊತೆಜೊತೆಗೆ ಹರಿದು, ಬಿಡದಿಯ ಬಳಿ ಬೈರಮಂಗಲದ ಕೆರೆ ತುಂಬಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಾಗಿ ಮತ್ತೆ ಇಲ್ಲಿಯ ನಲ್ಲಿಗಳಿಗೆ ಏರುತ್ತದೆ. ಇಂದು ಆ ಹೊಳೆಯಲ್ಲಿ ಹರಿಯುವುದು ಊರಿನ ಕೊಳಚೆ. ಬೈರಮಂಗಲದ ರೈತರು ಅದರಲ್ಲೇ ಹುಲ್ಲು, ಜೋಳ ಬೆಳೆಯಬೇಕಾಗಿದೆ. ನಮ್ಮ ಹಿಂಬಾಗಿಲ ಗಲ್ಲಿ ಅಳಿಯಲಿಲ್ಲ. ನಲವತ್ತು ಕಿಲೋಮೀಟರಿನಷ್ಟು ಉದ್ದವಾಗಿ, ನಮ್ಮ ಕಣ್ಣಿಗೆ ಬೀಳದ ಕಡೆ ಹೋಗಿ ಕೂತಿತು. ಮಳೆಮರದ ನೆರಳಿನಲ್ಲಿ ನಡೆಯುವಾಗ ಈ ಯೋಚನೆ ಬಂದರೆ ನಡಿಗೆಯ ಸುಖ ಕುಗ್ಗಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಒಂದು ಬೀದಿಯ ಮೇಲಿನ ಪ್ರೀತಿ ಆ ಬೀದಿಯ ನೀರು ಹೋಗುವ ದಾರಿಯುದ್ದಕ್ಕೂ ಚಾಚಿಕೊಂಡಿತು, ಬೈರಮಂಗಲವೂ ನೆರೆಯ ಊರಾಯಿತು. ವೃಷಭಾವತಿಯ ಶುದ್ಧೀಕರಣ ಇನ್ನು ಎಂಜಿನಿಯರುಗಳ ಕಡತವಷ್ಟೇ ಅಲ್ಲ, ಬಸವನಗುಡಿಯವರ ಮನೆಯ ಕೆಲಸ.

ಆ ಕಡೆಯ ಹೊಲಗಳು ವರ್ಷಕ್ಕೊಮ್ಮೆ ಇಲ್ಲಿಗೆ ನಡೆದು ಬರುವುದೂ ಉಂಟು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಬೆಳೆ ತಿಂದ ಬಸವನಿಗೆ ಗುಡಿ ಕಟ್ಟಿ, ಮೊದಲ ಫಸಲು ಅವನಿಗೇ ಎಂದು ಹರಕೆ ಹೊತ್ತ ರೈತರ ಕಥೆ ಎಲ್ಲರಿಗೂ ಗೊತ್ತು. ಮಾಗಡಿ, ಕನಕಪುರ, ಕೋಲಾರ, ಗಡಿಯಾಚೆಯ ತಮಿಳುನಾಡು, ಆಂಧ್ರಗಳಿಂದ ಮೂಟೆ ಬಂದು ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗೆ ರಾಶಿಯಾಗುತ್ತದೆ. ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಕಾರುಗಳು ಓಡುತ್ತಿದ್ದ ಜಾಗದ ತುಂಬ ಜನ. ಹೆಗಲ ಮೇಲೆ ಕೂಸು, ಕೈಯಲ್ಲಿ ಪೊಟ್ಟಣ, ಕಾಲಡಿ ಸಿಪ್ಪೆಯ ಚಟಪಟ. ನೋಡಿಲ್ಲದವರು ಈ ಸಲ ಬನ್ನಿ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು, ಗಾಂಧಿ ಬಜಾರಿನ ಹೂವಿನವರ ನಡುವೆ ಹಾಯ್ದು, ಕಹಳೆ ಬಂಡೆಯ ಕಡೆ ಸಾಗಿದರೆ ಅರ್ಧ ಗಂಟೆಯ ನಡಿಗೆ. ಹಸಿ ಕಾಯಿ, ಹುರಿದದ್ದು, ಬೇಯಿಸಿದ್ದು ಮೂರೂ ಸಿಗುತ್ತವೆ. ಎರಡು ಬೀಜದ ಗಿಡ್ಡ ಕಾಯಿ ಯಾವ ಊರಿನದು, ಮೂರು ಬೀಜದ ಉದ್ದ ಕಾಯಿ ಯಾವ ಊರಿನದು ಎಂದು ರಾಶಿಯ ಹಿಂದೆ ಕೂತವರನ್ನು ಕೇಳಿ. ಅವರು ನೆಲದ ಬಣ್ಣದಿಂದ ಹಿಡಿದು ಈ ವರ್ಷದ ಮಳೆಯವರೆಗೆ ಎಲ್ಲವನ್ನೂ ಹೇಳುತ್ತಾರೆ.